ನಳಿಗೆಯ ಮೇಲಿನ ಹೆಸರನ್ನಷ್ಟೇ ನಂಬಬೇಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳಿಗೆ ಕೋವಿ ಹೊಸದಲ್ಲ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಇರುತ್ತದೆ. ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಿ ಬರಬೇಕು. ಜಾಸ್ತಿ ಇರುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ, ಇಲ್ಲವೇ ತೋಟೆ (ಮದ್ದು, ಗುಂಡು ಒಂದೇ ಕೊಳವೆಯಲ್ಲಿರುವ ಕಾರ್ಟ್ರಿಜ್) ಹಾಕುವ ಒಂಟಿ ನಳಿಗೆಯ ಕೋವಿ. ಅಪರೂಪಕ್ಕೆ ಒಂದು ಮನೆಯಲ್ಲಿ ಅಜ್ಜನ ಕಾಲದ ಬೋಲ್ಟ್ ರೈಫಲ್ (ಚಿಲಕದಂಥ ಬೋಲ್ಟ್ ಎಳೆದು ತೋಟೆ ತುಂಬುವಂಥದ್ದು) ಸಿಗುತ್ತದೆ. ಎಲ್ಲಿಯದು ಎಂದು ಕೇಳಿದರೆ "ಇಂಗ್ಲೆಂಡಿನದು" ಎನ್ನುತ್ತಾರೆ. ನಳಿಗೆಯ ಮೇಲೆ ಇಂಗ್ಲಿಷ್ ಹೆಸರು ಇದೆಯಲ್ಲ!

ಆದರೆ ಆ ಹೆಸರು ಎಷ್ಟೋ ಸಲ ಮಾರಿದ ಅಂಗಡಿಯದು, ಮಾಡಿದ ಕಾರ್ಖಾನೆಯದಲ್ಲ. 1862ರಿಂದ 1956ರವರೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬೈ ಆಡಳಿತದಲ್ಲಿತ್ತು. ಲಂಡನ್ನಿನ ಆರ್ಮಿ ಅಂಡ್ ನೇವಿ ಸ್ಟೋರ್ಸ್ 1891ರಲ್ಲಿ ಮುಂಬೈಯಲ್ಲೇ ಮಳಿಗೆ ತೆರೆದಿತ್ತು. ಇಂಥ ಅಂಗಡಿಗಳು ಬೇರೆಯವರು ಮಾಡಿದ ಬಂದೂಕಿನ ಮೇಲೆ ತಮ್ಮ ಹೆಸರು ಕೆತ್ತಿಸಿ ಮಾರುತ್ತಿದ್ದವು. ಹೇಳಿ ಮಾಡಿಸಿದ ಬೇಟೆ ರೈಫಲ್‌ನಲ್ಲಂತೂ ಬೋಲ್ಟು ಒಂದು ಊರಿನದು, ನಳಿಗೆ ಇನ್ನೊಂದು ಊರಿನದು, ಮರದ ಹಿಡಿ ಮತ್ತೊಂದು ಕಡೆಯದು ಆಗಿರಬಹುದು. ಹಾಗಾಗಿ ಒಂದೊಂದು ಭಾಗವನ್ನೂ ಬೇರೆ ಬೇರೆಯಾಗಿ ವಿಚಾರಿಸಬೇಕು.

ಮೊದಲು ಬೋಲ್ಟ್ ಇರುವ ಭಾಗ. ಕಳೆದ ಶತಮಾನದ ಅಸಂಖ್ಯ ಬೇಟೆ ರೈಫಲ್‌ಗಳ ಮೂಲ ಜರ್ಮನಿಯ ಓಬರ್ನ್‌ಡಾರ್ಫ್‌ನ ಮೌಸರ್ ಕಾರ್ಖಾನೆಯ 1898ರ ವಿನ್ಯಾಸ. ಗುರುತಿಸುವುದು ಕಷ್ಟವಲ್ಲ. ಬೋಲ್ಟಿನ ಪಕ್ಕದಲ್ಲಿ ಉದ್ದಕ್ಕೆ ಒಂದು ಉಕ್ಕಿನ ಪಟ್ಟಿ ಇರುತ್ತದೆ. ಅದರ ತುದಿಯ ಕೊಕ್ಕೆ ತೋಟೆಯ ಅಂಚನ್ನು ಹಿಡಿದು ಹೊರಗೆಳೆಯುತ್ತದೆ. ಬೋಲ್ಟನ್ನು ಭದ್ರವಾಗಿ ಹಿಡಿದಿಡಲು ಮುಂದೆ ಎರಡು ಗಟ್ಟಿ ಹಲ್ಲು, ಹಿಂದೆ ರಕ್ಷಣೆಗೆ ಇನ್ನೊಂದು. ಬೋಲ್ಟ್ ಇರುವ ಭಾಗದ ಎಡಗೋಡೆಯ ಮೇಲಂಚಿನಲ್ಲಿ ಹೆಬ್ಬೆರಳು ಇಳಿಯುವಷ್ಟು ಅರೆವೃತ್ತದ ಕಚ್ಚು ಇದೆಯಾ ನೋಡಿ. ಸೈನಿಕ ಐದು ತೋಟೆಗಳನ್ನು ಒಟ್ಟಿಗೆ ಒತ್ತಿ ಒಳಗೆ ತುಂಬಲಿ ಎಂದು ಮಾಡಿದ ಕಚ್ಚು ಅದು. ಅದಿದ್ದರೆ ಸೇನೆಯ ರೈಫಲ್ ಮುಂದೆ ಬೇಟೆಗೆ ತಿರುಗಿತು ಎನ್ನುವ ಸಾಧ್ಯತೆ ಹೆಚ್ಚು. ಮೇಲ್ಭಾಗದಲ್ಲಿ ರಾಜಮುದ್ರೆ ಉಜ್ಜಿ ತೆಗೆದ ಚಪ್ಪಟೆ ಜಾಗ ಬೆರಳಿಗೆ ಸಿಕ್ಕರೆ ಆ ಊಹೆ ಇನ್ನಷ್ಟು ಗಟ್ಟಿಯಾಗುತ್ತದೆ.

ಹೆಸರಾಂತ ಬ್ರಿಟಿಷ್ ಕಂಪನಿಗಳೂ ಇದೇ ಬೋಲ್ಟ್ ತರಿಸಿಕೊಂಡು ರೈಫಲ್ ಕಟ್ಟುತ್ತಿದ್ದವು. ಚಂಪಾವತ್‌ನ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ 1907ರಲ್ಲಿ ಜಿಮ್ ಕಾರ್ಬೆಟ್‌ಗೆ ಉಡುಗೊರೆಯಾಗಿ ಬಂದ ರಿಗ್ಬಿ ರೈಫಲ್ ಕೂಡ ಮೌಸರ್ ಬೋಲ್ಟಿನದೇ. ಅದರ .275 ತೋಟೆಯೂ ಜರ್ಮನಿಯ 7×57 ಮೌಸರ್ ತೋಟೆಗೆ ಇಟ್ಟ ಬ್ರಿಟಿಷ್ ಹೆಸರಷ್ಟೇ.

ನನ್ನ ಮಟ್ಟಿಗೆ ಅತ್ಯಂತ ನಂಬಿಕಸ್ತ ಸಾಕ್ಷಿ ಪರೀಕ್ಷಾ ಮುದ್ರೆ. ಯುರೋಪಿನ ಹಲವು ದೇಶಗಳಲ್ಲಿ ಹೊಸ ನಳಿಗೆಯಲ್ಲಿ ಮಾಮೂಲಿಗಿಂತ ಜೋರಾದ ತೋಟೆ ಹಾರಿಸಿ, ತಡೆದುಕೊಂಡರೆ ಮಾತ್ರ ಮುದ್ರೆ ಒತ್ತುತ್ತಾರೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ಈ ಪರೀಕ್ಷಾಲಯ ಬಂದದ್ದು 1813ರ ಕಾಯ್ದೆಯಿಂದ. ಬೆಲ್ಜಿಯಂನ ಲಿಯೇಜ್ ಮುದ್ರೆಯಲ್ಲಿ ಅಂಡಾಕಾರದೊಳಗೆ ಇ, ಎಲ್, ಜಿ ಅಕ್ಷರಗಳಿರುತ್ತವೆ. ಹಳೆಯ ಜರ್ಮನ್ ನಳಿಗೆಗಳಲ್ಲಿ ಕಿರೀಟದ ಕೆಳಗೆ ಬಿ, ಜಿ, ಯು ಅಕ್ಷರಗಳು. 1925ರಿಂದ 1955ರವರೆಗೆ ಬ್ರಿಟನ್ನಿನಲ್ಲಿ ಪರೀಕ್ಷೆಯಾದ ವಿದೇಶಿ ಬಂದೂಕಿನ ಮೇಲೆ "ಇಂಗ್ಲೆಂಡಿನಲ್ಲಿ ಮಾಡಿದ್ದಲ್ಲ" ಎಂದು ಇಂಗ್ಲಿಷಿನಲ್ಲೇ ಒತ್ತುತ್ತಿದ್ದರು. ಇದಕ್ಕಿಂತ ನೇರ ಉತ್ತರ ಬೇಕಾ?

ಈ ಮುದ್ರೆಗಳಲ್ಲಿ ಎಷ್ಟೋ ನಳಿಗೆಯ ಅಡಿಯಲ್ಲಿ, ಮರದೊಳಗೆ ಮುಚ್ಚಿಹೋಗಿರುತ್ತವೆ. ಲೈಸೆನ್ಸ್ ಇರುವ ಬಂದೂಕು ರಿಪೇರಿಯವರೇ ಅದನ್ನು ಬಿಚ್ಚಬೇಕು. ಕಾರವಾರ, ಅಂಕೋಲಾದ ಉಪ್ಪು ಗಾಳಿಗೆ, ಘಟ್ಟದ ಮೇಲಿನ ಮಳೆಗಾಲದ ತೇವಕ್ಕೆ ಮೊದಲು ತುಕ್ಕು ಹಿಡಿಯುವುದೂ ಇದೇ ಜಾಗಕ್ಕೆ. ಎಣ್ಣೆ ಹಾಕಿ ಮೆಲ್ಲಗೆ ಒರೆಸಬೇಕೇ ಹೊರತು ಮರಳು ಕಾಗದ ಮುಟ್ಟಿಸಲೇಬಾರದು. ಹೊಳಪು ಬರಲಿ ಎಂದು ಉಜ್ಜಿಸಿದರೆ ಮುದ್ರೆಯೂ ಹೋಗುತ್ತದೆ, ಹಳೆಯ ಕಪ್ಪು ಬಣ್ಣವೂ ಹೋಗುತ್ತದೆ. ಹಿಂದಿನವರು ಆ ಕಪ್ಪನ್ನು ತುಕ್ಕಿನಿಂದಲೇ ಪಡೆಯುತ್ತಿದ್ದರು. ಬೇಕೆಂದೇ ತೆಳುವಾಗಿ ತುಕ್ಕು ಹಿಡಿಸಿ ನೀರಿನಲ್ಲಿ ಕುದಿಸಿದರೆ ಕೆಂಪು ತುಕ್ಕು ಮ್ಯಾಗ್ನಟೈಟ್ ಎಂಬ ಕಪ್ಪು ಆಕ್ಸೈಡ್ ಆಗುತ್ತದೆ. ಅದನ್ನೇ ಮತ್ತೆ ಮತ್ತೆ ಮಾಡುತ್ತಿದ್ದರು.

ಮೂಲ ಹುಡುಕುವುದು ಬರೀ ಕುತೂಹಲಕ್ಕಲ್ಲ, ಜೀವದ ಪ್ರಶ್ನೆಯೂ ಹೌದು. ಜರ್ಮನ್ ಸೇನೆಯ ಮೊದಲ 8 ಮಿ.ಮೀ. ಗುಂಡಿನ ವ್ಯಾಸ .318 ಇಂಚು. 1905ರಲ್ಲಿ ಬಂದ ಹೊಸ ಗುಂಡು .323 ಇಂಚು. ಬೇಟೆ ರೈಫಲ್‌ಗಳಲ್ಲಿ ಹಳೆಯ ಅಳತೆ ಆಮೇಲೂ ಬಹಳ ಕಾಲ ಉಳಿಯಿತು. ವ್ಯತ್ಯಾಸ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗದಷ್ಟು. ಆದರೂ ಸಣ್ಣ ನಳಿಗೆಯಲ್ಲಿ ದೊಡ್ಡ ಗುಂಡು ಹಾರಿಸಿದರೆ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ಅದಕ್ಕೇ ತಜ್ಞರು ತೋಟೆ ಕೂರುವ ಜಾಗದ ಅಚ್ಚು ತೆಗೆಯುತ್ತಾರೆ. ಬಿಸ್ಮತ್, ಸೀಸ, ತವರ, ಕ್ಯಾಡ್ಮಿಯಂ ಸೇರಿದ ಸೆರೋಸೇಫ್ ಎಂಬ ಮಿಶ್ರಲೋಹ ಕುದಿಯುವ ನೀರಿಗಿಂತ ಕಡಿಮೆ ಬಿಸಿಯಲ್ಲೇ ಕರಗುತ್ತದೆ. ಸುರಿದ ಮೇಲೆ ಮೊದಲು ಸ್ವಲ್ಪ ಕುಗ್ಗುತ್ತದೆ, ಆಗ ಅಚ್ಚು ಸಲೀಸಾಗಿ ಹೊರಬರುತ್ತದೆ. ಮತ್ತೆ ಹಿಗ್ಗಿ ಸುಮಾರು ಒಂದು ಗಂಟೆ ಕಳೆಯುವಾಗ ಆ ಜಾಗದ್ದೇ ಅಳತೆಗೆ ಬರುತ್ತದೆ. ಅದನ್ನು ಅಳೆದರೆ ಯಾವ ತೋಟೆಯ ರೈಫಲ್ ಎಂಬುದು ತಿಳಿಯುತ್ತದೆ. ಗುಂಡು ತಿರುಗುತ್ತಾ ಹೋಗಲೆಂದು ನಳಿಗೆಯೊಳಗೆ ಕೊರೆದ ಸುರುಳಿ ಗೀರುಗಳೂ ಸುಳಿವು ಕೊಡುತ್ತವೆ. ಮೌಸರ್ ಸೇನಾ ರೈಫಲ್‌ಗಳಲ್ಲಿ ಸಾಮಾನ್ಯವಾಗಿ ನಾಲ್ಕು ಗೀರು, ಬಲಕ್ಕೆ ತಿರುವು. ಬ್ರಿಟಿಷ್ ಸೇನೆಯ ಲೀ ಎನ್‌ಫೀಲ್ಡ್ ರೈಫಲ್‌ನಲ್ಲಿ ಹೆಚ್ಚಾಗಿ ಐದು, ಎಡಕ್ಕೆ ತಿರುವು.

ಕೋವಿಯ ಮೇಲೆ ಒತ್ತಿದ ನಂಬರನ್ನೇ ಯಾರೋ ಉಜ್ಜಿ ಹಾಕಿದ್ದರೆ? ಅದು ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅಪರಾಧ. ಅಂಥ ಕೋವಿ ಹೋಗಬೇಕಾದದ್ದು ಪೊಲೀಸರ ಬಳಿಗೆ. ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಆ ಜಾಗಕ್ಕೆ ಆಮ್ಲ ಮತ್ತು ತಾಮ್ರದ ಲವಣದ ದ್ರಾವಣ ಸವರುತ್ತಾರೆ. ಅಂಕಿ ಒತ್ತುವಾಗ ಬಿದ್ದ ಪೆಟ್ಟಿನಿಂದ ಅಡಿಯ ಉಕ್ಕಿನ ಹರಳುಗಳೂ ಜಖಂ ಆಗಿರುತ್ತವೆ. ಆ ಭಾಗ ಬೇಗ ಕರಗುವುದರಿಂದ, ಉಜ್ಜುವವರು ತೀರಾ ಆಳಕ್ಕೆ ಹೋಗಿಲ್ಲದಿದ್ದರೆ, ಅಂಕಿ ಮತ್ತೆ ಮೇಲೆ ಕಾಣುತ್ತದೆ.

ಮರದ ಹಿಡಿಯ ಮೇಲೆ ಮಾತ್ರ ತುಂಬಾ ಭಾರ ಹಾಕಬೇಡಿ. ಯುರೋಪಿನವರು ಬಳಸುತ್ತಿದ್ದದ್ದು ಹೆಚ್ಚಾಗಿ ಅಕ್ರೋಟ್ ಮರ. ನಿಮ್ಮದು ಬೀಟೆಯದೋ ಸಾಗವಾನಿಯದೋ ಆಗಿದ್ದರೆ, ಮುರಿದ ಹಿಡಿಗೆ ನಮ್ಮ ಕಡೆಯ ಆಚಾರಿ ಹೊಸದು ಕೂರಿಸಿರಬಹುದು. ಅದೂ ಆ ಕೋವಿಯ ಚರಿತ್ರೆಯೇ, ಬದಲಾಯಿಸಲು ಹೋಗಬೇಡಿ. ಮುದ್ರೆಗಳ ಫೋಟೋ ತೆಗೆದಿಟ್ಟುಕೊಳ್ಳಿ. ಹಳೆಯ ಲೈಸೆನ್ಸ್ ಪುಸ್ತಕ ಕಪಾಟಿನಲ್ಲಿದ್ದರೆ ರದ್ದಿಗೆ ಹಾಕಬೇಡಿ. ಅಜ್ಜ ಯಾವ ವರ್ಷ, ಯಾವ ನಂಬರಿನ, ಯಾವ ತೋಟೆಯ ರೈಫಲ್ ಬರೆಸಿದ್ದರು ಎಂಬುದನ್ನು ಕೋವಿಯ ಮೇಲಿನ ಮುದ್ರೆಗಳ ಜೊತೆ ತಾಳೆ ನೋಡಬಹುದು.