ಮೆಣಸಿನ ಬೀಜ ಕೊಳ್ಳುವಾಗ ತಳಿ ಗುರುತಿಸುವುದು ಹೇಗೆ: ಅಧ್ಯಯನ ಟಿಪ್ಪಣಿ

ಬೀಜ ನೋಡಿ ತಳಿ ಹೇಳಲು ಆಗುವುದಿಲ್ಲ. ಖಾರವೇ ಇಲ್ಲದ ದೊಣ್ಣೆ ಮೆಣಸಿನ ಬೀಜ, ಬಾಯಿ ಸುಡುವ ಹಬನೇರೊ ಬೀಜ ಎರಡೂ ಚಪ್ಪಟೆ, ತಿಳಿ ಹಳದಿ. ಸಹಜವಾಗಿಯೇ ಕಪ್ಪಗಿರುವ ಬೀಜ ಪ್ಯೂಬೆಸೆನ್ಸ್ ಪ್ರಭೇದದ್ದು. ಗುರುತು ಸಿಗುವುದು ಅದೊಂದೇ.

ಹಾಗಾಗಿ ಪ್ಯಾಕೆಟ್ ಮೇಲೆ ಮೊದಲು ಪ್ರಭೇದದ ಹೆಸರು ಹುಡುಕಿ. ಬೆಳೆಸುವ ಮೆಣಸಿನಲ್ಲಿ ಮುಖ್ಯವಾಗಿ 5 ಪ್ರಭೇದಗಳಿವೆ: ಆನ್ಯೂಮ್, ಫ್ರುಟೆಸೆನ್ಸ್, ಚೈನೆನ್ಸ್, ಬಕಾಟಮ್, ಪ್ಯೂಬೆಸೆನ್ಸ್. ತಳಿಗಳು ಇವುಗಳ ಒಳಗೆ ಬರುತ್ತವೆ. ಜಲಪೇನ್ಯೊ, ಕಯೆನ್, ದೊಣ್ಣೆ ಮೆಣಸು ಮೂರೂ ಆನ್ಯೂಮ್. ಹಬನೇರೊ, ಕೆರೊಲಿನಾ ರೀಪರ್ ಚೈನೆನ್ಸ್. ಟಬಾಸ್ಕೊ ಫ್ರುಟೆಸೆನ್ಸ್. ಸುಮ್ನೆ 'ಕೆಂಪು ಖಾರದ ಮೆಣಸು' ಅಂತ ಬರೆದಿದ್ದರೆ ಏನೂ ತಿಳಿಯುವುದಿಲ್ಲ, ಹಣ್ಣಾದಾಗ ಕೆಂಪಾಗುವ ತಳಿಗಳೇ ಜಾಸ್ತಿ ಅಲ್ವಾ.

ಸ್ಕೋವಿಲ್ ಅಂಕಿ, ಅಂದರೆ ಖಾರದ ಅಳತೆ, ಒರಟು ಪರೀಕ್ಷೆಗೆ ಸಾಕು. ಜಲಪೇನ್ಯೊ ಸುಮಾರು 2,500ರಿಂದ 8,000, ಹಬನೇರೊ 1 ಲಕ್ಷದಿಂದ 3.5 ಲಕ್ಷ. ಜಲಪೇನ್ಯೊ ಅಂತ ಬರೆದು 50,000 ಅಂತ ಹಾಕಿದ್ದರೆ ಹೆಸರನ್ನೋ ಅಂಕಿಯನ್ನೋ ನಂಬಬಾರದು.

ಈಗ ನನ್ನ ತಲೆ ಕೆಡಿಸಿದ ವಿಷಯ. 'ಬೀಜ ತೆಗೆದ ಕಾಯಿಯ ಫೋಟೋ ಇದೇ ನೋಡಿ' ಅಂತ ಮಾರುವವರು ತೋರಿಸುತ್ತಾರೆ. ಫೋಟೋ ನಿಜವೇ ಇರಬಹುದು, ಆದರೂ ಅದು ಬೀಜಕ್ಕೆ ಖಾತರಿ ಅಲ್ಲ. ಯಾಕೆ? ಕಾಯಿಯ ಸಿಪ್ಪೆ, ತಿರುಳು, ಒಳಗಿನ ಬಿಳಿ ದಿಂಡು ಎಲ್ಲವೂ ತಾಯಿ ಗಿಡದ್ದು. ಬೀಜದೊಳಗಿನ ಮೊಳಕೆ ಮಾತ್ರ ತಾಯಿ-ತಂದೆ ಇಬ್ಬರದ್ದು. ಮೆಣಸಿನ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು, ನಿಜ, ಆದರೆ ಜೇನ್ನೊಣ ಪಕ್ಕದ ಗಿಡದ ಪರಾಗವನ್ನೂ ತಂದು ಹಾಕುತ್ತದೆ. ಜಲಪೇನ್ಯೊ ಹೂವಿಗೆ ಕಯೆನ್ ಪರಾಗ ಬಿತ್ತು ಅಂದುಕೊಳ್ಳಿ. ಆ ಕಾಯಿ ನೋಡಲು ಅಪ್ಪಟ ಜಲಪೇನ್ಯೊ. ಅದರ ಬೀಜ ಬಿತ್ತಿ, ಗಿಡ ಬೆಳೆದು, ಆ ಗಿಡ ಕಾಯಿ ಬಿಟ್ಟಾಗಲೇ ಬೆರಕೆ ಕಣ್ಣಿಗೆ ಬೀಳುವುದು. ಅಂದರೆ ಬೆರಕೆ ಆಗುವುದು ಈ ಬೆಳೆಯಲ್ಲಿ, ಕಾಣುವುದು ಮುಂದಿನ ಬೆಳೆಯಲ್ಲಿ. ಫೋಟೋ ಯಾವತ್ತೂ ಒಂದು ತಲೆಮಾರು ಹಿಂದಿನದು!

ಆದ್ದರಿಂದ ಮಾರುವವರನ್ನು ಕೇಳಬೇಕಾದ ಪ್ರಶ್ನೆ ಬೇರೆ: ಹೂವಿಗೆ ಬಲೆ ಚೀಲ ಕಟ್ಟಿದ್ದಿರಾ, ಅಥವಾ ಆ ತಳಿಯನ್ನು ಬೇರೆ ಮೆಣಸಿನಿಂದ ದೂರ ಬೆಳೆಸಿದ್ದಿರಾ? ನನಗೆ ಚಂದದ ಫೋಟೋಗಿಂತ ಈ ಉತ್ತರವೇ ಮುಖ್ಯ.

ಎಫ್1 ಅಂತ ಇದ್ದರೆ ಅದು ಬೇಕೆಂದೇ ಮಾಡಿದ ಬೆರಕೆ. ಮೊದಲ ಬೆಳೆ ಒಂದೇ ಸಮ ಬರುತ್ತದೆ, ಅದರಿಂದ ಬೀಜ ಎತ್ತಿಟ್ಟರೆ ಮಾತ್ರ ಗಿಡಕ್ಕೊಂದು ಥರ. ಪ್ರತಿ ಸಲ ಬೀಜ ಕೊಳ್ಳುವವರಿಗೆ ಇದರಿಂದ ತೊಂದರೆ ಇಲ್ಲ.

ಗಿಡ ಹೂ ಬಿಟ್ಟ ಮೇಲೆ ಪ್ರಭೇದವನ್ನು ತಾಳೆ ನೋಡಬಹುದು. ಆನ್ಯೂಮ್‌ನಲ್ಲಿ ಸಾಮಾನ್ಯವಾಗಿ ಗಿಣ್ಣಿಗೊಂದೇ ಬಿಳಿ ಹೂವು. ಚೈನೆನ್ಸ್‌ನಲ್ಲಿ ಒಂದೇ ಗಿಣ್ಣಿನಲ್ಲಿ ಎರಡು, ಮೂರು, ಕೆಲವೊಮ್ಮೆ ಇನ್ನೂ ಹೆಚ್ಚು. ಬಕಾಟಮ್ ಎಸಳಿನ ಬುಡದಲ್ಲಿ ಹಳದಿ-ಹಸಿರು ಮಚ್ಚೆ. ಪ್ಯೂಬೆಸೆನ್ಸ್ ಹೂವು ನೇರಳೆ, ಎಲೆ ಮೇಲೆ ರೋಮ. ಹಬನೇರೊ ಅಂತ ತಂದ ಗಿಡದಲ್ಲಿ ಎಲ್ಲಾ ಗಿಣ್ಣಿನಲ್ಲೂ ಒಂಟಿ ಅಚ್ಚ ಬಿಳಿ ಹೂವೇ ಬರುತ್ತಿದ್ದರೆ ಪ್ಯಾಕೆಟ್ ಬಗ್ಗೆ ಅನುಮಾನಪಡಿ. ಹೂವು ಪ್ರಭೇದವನ್ನಷ್ಟೇ ಹೇಳುತ್ತದೆ, ತಳಿ ಯಾವುದೆಂದು ತಿಳಿಯಲು ಕಾಯಿ ಹಣ್ಣಾಗುವವರೆಗೆ ಕಾಯಬೇಕು.