ಪಥ್ಯ ತಿಂಗಳೊಳಗೆ ಏಕೆ ತಪ್ಪುತ್ತದೆ?

ಪ್ರಶ್ನೆ: ಆರು ವರ್ಷಗಳಿಂದ ಮಧುಮೇಹವಿದೆ. ಏನು ತಿನ್ನಬೇಕು, ಎಷ್ಟು ನಡೆಯಬೇಕು ಎಲ್ಲವೂ ಗೊತ್ತು. ಆದರೂ ಪಥ್ಯ, ನಡಿಗೆ ಎರಡೂ ತಿಂಗಳೊಳಗೆ ನಿಂತುಹೋಗುತ್ತವೆ. ನನಗೆ ಮನೋಬಲವೇ ಇಲ್ಲವೇ?

ಉತ್ತರ: ಮನೋಬಲವನ್ನು ದೂರುವುದನ್ನು ಮೊದಲು ಬಿಡಿ. ಹಲ್ಲುನೋವಿಗೆ ಮಾತ್ರೆ ನುಂಗಿದರೆ ಗಂಟೆಯೊಳಗೆ ಹಾಯೆನಿಸುತ್ತದೆ. ಮಧುಮೇಹದಲ್ಲಿ ಇಂದು ನಡಿಗೆ ಮಾಡಿದ್ದರ ಫಲ ಮೈಗೆ ತಿಳಿಯುವುದೇ ಇಲ್ಲ. ಎಚ್‌ಬಿಎ1ಸಿ ಪರೀಕ್ಷೆ ತೋರಿಸುವುದು ಹಿಂದಿನ ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿಯನ್ನು. ಅಷ್ಟು ತಡವಾಗಿ ಕೈಸೇರುವ ಅಂಕಿಗಾಗಿ ದಿನವೂ ಬಾಯಿ ಕಟ್ಟುವುದು ಯಾರಿಗೂ ಸುಲಭವಲ್ಲ. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ, ಒಂದೇ ಬಗೆಯ ಊಟ ಮಾಡಿದ ಎರಡು ದಿನ ಹೋಲಿಸಿ ನೋಡಿ: ಒಂದು ದಿನ ಉಂಡು ಕುಳಿತುಬಿಡಿ, ಇನ್ನೊಂದು ದಿನ ಉಂಡ ಮೇಲೆ ಸ್ವಲ್ಪ ನಡೆಯಿರಿ. ವ್ಯತ್ಯಾಸವನ್ನು ಕಣ್ಣಾರೆ ಕಂಡವರಿಗೆ ಉಪದೇಶ ಬೇಕಾಗುವುದಿಲ್ಲ.

ಇನ್ನೊಂದು ಕಾರಣ ಭಯ. ಇದರ ಬಗ್ಗೆ ಕೇಳುವವರೇ ಕಡಿಮೆ. ಇನ್ಸುಲಿನ್ ಅಥವಾ ದೇಹದಲ್ಲಿ ಇನ್ಸುಲಿನ್ ಹೆಚ್ಚಿಸುವ ಸಲ್ಫೊನಿಲ್‌ಯೂರಿಯಾ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಿಗೆ ನಡೆಯುತ್ತಿರುವಾಗಲೇ ರಕ್ತದ ಸಕ್ಕರೆ ಡೆಸಿಲೀಟರ್‌ಗೆ 70 ಮಿಲಿಗ್ರಾಂಗಿಂತ ಕೆಳಗಿಳಿಯಬಹುದು. ಕೈ ನಡುಗುತ್ತದೆ, ತಣ್ಣನೆಯ ಬೆವರು ಕಿತ್ತುಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ರಸ್ತೆಯಲ್ಲಿ ಒಂಟಿಯಾಗಿದ್ದಾಗ ಒಮ್ಮೆ ಹೀಗಾದರೆ ಮರುದಿನ ಕಾಲು ಹೊರಗಿಡಲು ಧೈರ್ಯ ಸಾಲದು. ಇದನ್ನು ಸೋಮಾರಿತನ ಎನ್ನುವವರನ್ನು ಕಂಡರೆ ನನಗೆ ನೋವಾಗುತ್ತದೆ. 15 ಗ್ರಾಂ ಗ್ಲೂಕೋಸ್ ಜೇಬಿನಲ್ಲಿರಲಿ. ಸೇವಿಸಿದ 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ, ಏರಿರದಿದ್ದರೆ ಇನ್ನೊಮ್ಮೆ ಸೇವಿಸಿ. ಪದೇ ಪದೇ ಇಳಿಯುತ್ತಿದ್ದರೆ ಔಷಧದ ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳಲೇಬೇಕು.

ಅಡುಗೆ ಯಾರ ಕೈಯಲ್ಲಿದೆ ಎಂಬುದೂ ಮುಖ್ಯ. ಎಲ್ಲರೂ ಒಂದನ್ನು ತಿನ್ನುತ್ತಿರುವಾಗ ಒಬ್ಬರ ಮುಂದೆ ಮಾತ್ರ ಬೇರೆ ಬಟ್ಟಲು ಬಂದರೆ ಊಟ ಶಿಕ್ಷೆಯಾಗುತ್ತದೆ. ‘ಅದು ನಿಮಗಾಗದು’ ಎಂದು ಪ್ರತಿ ತುತ್ತಿಗೂ ಕಾವಲು ಕುಳಿತರೆ ಕದ್ದು ತಿನ್ನುವುದು ಶುರುವಾಗುತ್ತದೆ. ಪಾಳಿ ಕೆಲಸ, ಮಂಡಿನೋವು, ಮರಗಟ್ಟಿದ ಪಾದ ಇವೂ ನಡಿಗೆಯನ್ನು ತಡೆಯುತ್ತವೆ. ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಮೊದಲು ಪಾದ ಪರೀಕ್ಷೆ ಮಾಡಿಸಿಕೊಳ್ಳಿ.

ವಾರಕ್ಕೆ 150 ನಿಮಿಷ ಎಂಬ ಗುರಿ ಕೇಳಿಯೇ ಕುಗ್ಗಬೇಡಿ, ಊಟದ ನಂತರದ ಹತ್ತು ನಿಮಿಷದಿಂದ ಶುರು ಮಾಡಿ. ಹೊಸ ಅಭ್ಯಾಸ ಮೈಗೂಡುವ ಬಗ್ಗೆ 2010ರಲ್ಲಿ ಲಂಡನ್ನಿನ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ ಸರಾಸರಿ 66 ದಿನ ಹಿಡಿದಿತ್ತು. ಕೆಲವರಿಗೆ 18, ಕೆಲವರಿಗೆ 254. ಆ ಲೆಕ್ಕದಲ್ಲಿ ನೀವು ನಿಂತದ್ದು ಅರ್ಧ ದಾರಿಯಲ್ಲಿ. ನಡುವೆ ಒಂದು ದಿನ ತಪ್ಪಿದ್ದರಿಂದ ಅವರಲ್ಲಿ ಅಭ್ಯಾಸವೇನೂ ಕೆಟ್ಟಿರಲಿಲ್ಲ.