ಸಾಪೇಕ್ಷ ಚಲನೆ: ವೇಗ ಅಂದರೆ ಯಾವುದಕ್ಕೆ ಹೋಲಿಸಿ?

ಒಂದು ಕಾರು ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುತ್ತಿದೆ ಅಂದರೆ ಮಾತು ಇನ್ನೂ ಮುಗಿದಿಲ್ಲ. ಯಾವುದಕ್ಕೆ ಹೋಲಿಸಿ 80 ಅನ್ನೋದು ಬಾಕಿ ಇದೆ. ರಸ್ತೆಗೆ ಹೋಲಿಸಿ ಅಂತ ನಾವೇ ಮನಸ್ಸಲ್ಲಿ ಸೇರಿಸಿಕೊಳ್ಳುತ್ತೇವೆ. ಆದರೆ ಅದೇ ಕಾರಿನ ಹಿಂದಿನ ಸೀಟಲ್ಲಿ ಕೂತವರಿಗೆ ಡ್ರೈವರ್ ಕೂತಲ್ಲೇ ಇದ್ದಾರೆ. ಅವರ ಲೆಕ್ಕದಲ್ಲಿ ಡ್ರೈವರ್ ವೇಗ ಸೊನ್ನೆ. ಎರಡೂ ಸರಿಯೇ.

ಹೀಗೆ ಒಂದರ ಚಲನೆಯನ್ನು ಇನ್ನೊಂದಕ್ಕೆ ಹೋಲಿಸಿ ಹೇಳಿದರೆ ಅದು ಸಾಪೇಕ್ಷ ಚಲನೆ. ಯಾವುದು ನಿಂತಿದೆ ಅಂತ ಇಟ್ಟುಕೊಂಡು ಅಳೆಯುತ್ತೇವೋ ಅದು ಆಧಾರ ಚೌಕಟ್ಟು.

ಹಾಗಾದರೆ ನಿಜವಾದ ವೇಗ ಯಾವುದು? ಅಂಥದ್ದೊಂದು ಇಲ್ಲ. ರಸ್ತೆಯೂ ಸುಮ್ನೆ ನಿಂತಿಲ್ಲ ಅಲ್ವಾ? ಭೂಮಿ ತನ್ನ ಸುತ್ತ ತಾನೇ ತಿರುಗುವುದರಿಂದ ಸಮಭಾಜಕ ವೃತ್ತದ ಮೇಲಿನ ನೆಲ ಗಂಟೆಗೆ ಸುಮಾರು 1,670 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿರುತ್ತದೆ. ಇಡೀ ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿ.ಮೀ. ಓಡುತ್ತದೆ. ಸೂರ್ಯನೂ ನಿಂತ ಜಾಗದಲ್ಲಿ ಇಲ್ಲ. ಎಲ್ಲಿ ನಿಂತು ನೋಡುತ್ತೇವೆ ಅಂತ ಹೇಳದೆ ವೇಗದ ಮಾತೇ ಆಡಲಾಗದು.

ಇದು ಪುಸ್ತಕದಲ್ಲೇ ಉಳಿಯುವ ಮಾತಲ್ಲ. ಓವರ್‌ಟೇಕ್ ಮಾಡುವಾಗ ಜೀವ ಇದರ ಮೇಲೆ ನಿಂತಿರುತ್ತದೆ. ಮುಂದೆ ಲಾರಿ 60ರಲ್ಲಿ ಹೋಗುತ್ತಿದೆ, ನೀವು 80ರಲ್ಲಿ ಇದ್ದೀರಿ ಅಂದುಕೊಳ್ಳಿ. ಲಾರಿಗೆ ಹೋಲಿಸಿದರೆ ನಿಮ್ಮ ವೇಗ ಬರೀ 20, ಅಂದರೆ ಸೆಕೆಂಡಿಗೆ ಐದೂವರೆ ಮೀಟರ್. ಲಾರಿಯ ಉದ್ದ, ಹಿಂದೆ ಮುಂದೆ ಬಿಡಬೇಕಾದ ಜಾಗ ಎಲ್ಲ ಸೇರಿ 40 ಮೀಟರ್ ದಾಟಬೇಕು ಅಂದರೆ ಏಳು ಸೆಕೆಂಡಿಗೂ ಸ್ವಲ್ಪ ಜಾಸ್ತಿ ಬೇಕು. ಲಾರಿಯ ಚೌಕಟ್ಟಿನಲ್ಲಿ ನೀವು ದಾಟಿದ್ದು 40 ಮೀಟರ್. ರಸ್ತೆಯ ಚೌಕಟ್ಟಿನಲ್ಲಿ ಅಷ್ಟು ಹೊತ್ತಿಗೆ 160 ಮೀಟರ್ ಹೋಗಿರುತ್ತೀರಿ. ಎದುರಿಂದ ಇನ್ನೊಂದು ಕಾರು 80ರಲ್ಲೇ ಬರುತ್ತಿದ್ದರೆ ಅದೂ 160 ಮೀಟರ್ ಹತ್ತಿರ ಬಂದಿರುತ್ತದೆ. ಅಂದರೆ ಶುರು ಮಾಡುವಾಗ ಆ ಕಾರು 320 ಮೀಟರ್‌ಗಿಂತ ಸಾಕಷ್ಟು ದೂರ ಇರಲೇಬೇಕು. ಕಣ್ಣು ಪಕ್ಕದ ಲಾರಿಗೆ ಅಂಟಿಕೊಂಡಿರುವಾಗ ಎದುರಿನ ಕಾರು 160ರ ವೇಗದಲ್ಲಿ ನಮ್ಮ ಕಡೆ ಬರುತ್ತಿದೆ ಅನ್ನೋದು ಮರೆತೇ ಹೋಗುತ್ತದೆ. ಡ್ರೈವಿಂಗ್ ಕಲಿಸುವವರು ಕ್ಲಚ್ಚು ಗೇರಿನ ಜೊತೆ ಈ ಲೆಕ್ಕವನ್ನೂ ಒಮ್ಮೆ ಕೂರಿಸಿ ಹೇಳಿಕೊಡಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ವಿಮಾನಕ್ಕೆ ಮುಖ್ಯವಾದ ಚೌಕಟ್ಟು ಗಾಳಿಯದು. ರೆಕ್ಕೆಯ ಮೇಲೆ ಹರಿಯುವ ಗಾಳಿಯ ವೇಗ ಸಾಕಷ್ಟಿದ್ದರೆ ವಿಮಾನ ಏಳುತ್ತದೆ, ನೆಲಕ್ಕೆ ಹೋಲಿಸಿದ ವೇಗ ಎಷ್ಟೇ ಇರಲಿ. ಅದಕ್ಕೇ ಸಾಧ್ಯವಾದಾಗಲೆಲ್ಲ ಎದುರು ಗಾಳಿಗೆ ಮುಖ ಮಾಡಿಯೇ ಏರುತ್ತಾರೆ, ಇಳಿಸುತ್ತಾರೆ.

ರೈಲಿನಲ್ಲಿ ಕೂತಾಗ ಪಕ್ಕದ ರೈಲು ಹೊರಟರೆ ನಮ್ಮದೇ ಹೊರಟಿತು ಅನ್ನಿಸುತ್ತದಲ್ಲ, ಅದಕ್ಕೂ ಇಲ್ಲೇ ಕಾರಣ ಇದೆ. ಕಿಟಕಿ ತುಂಬ ಇನ್ನೊಂದು ರೈಲೇ ಇದ್ದರೆ ಕಣ್ಣು ಅದನ್ನೇ ಆಧಾರ ಮಾಡಿಕೊಳ್ಳುತ್ತದೆ. ನಮ್ಮ ಒಳಕಿವಿಯಲ್ಲಿ ಚಲನೆ ಗುರುತಿಸುವ ಅಂಗ ಇದೆ ನಿಜ. ಆದರೆ ಅದಕ್ಕೆ ಗೊತ್ತಾಗುವುದು ವೇಗದಲ್ಲಾಗುವ ಬದಲಾವಣೆ ಮಾತ್ರ. ಒಂದೇ ವೇಗದಲ್ಲಿ ನೇರವಾಗಿ ಹೋಗುವುದಕ್ಕೂ ನಿಂತಿರುವುದಕ್ಕೂ ಅದಕ್ಕೆ ವ್ಯತ್ಯಾಸವೇ ಇಲ್ಲ.

ಒಳಕಿವಿಗಷ್ಟೇ ಅಲ್ಲ, ಹೊರಗಿನದಕ್ಕೆ ಹೋಲಿಸದೆ ಅಳೆಯುವ ಯಾವ ಉಪಕರಣಕ್ಕೂ ಇಲ್ಲ. ಗೆಲಿಲಿಯೊ 1632ರಲ್ಲಿ ಇದನ್ನು ಚೆಂದವಾಗಿ ವಿವರಿಸಿದ. ಹಡಗಿನ ಒಳಕೋಣೆಯಲ್ಲಿ ಬಾಗಿಲು ಮುಚ್ಚಿ ಕೂತುಕೊಳ್ಳಿ. ಚಿಟ್ಟೆಗಳು ಹಾರಾಡುತ್ತಿರಲಿ, ಮೇಲೆ ಕಟ್ಟಿದ ಪಾತ್ರೆಯಿಂದ ನೀರು ತೊಟ್ಟಿಕ್ಕುತ್ತಿರಲಿ. ಹಡಗು ನಿಂತಿದ್ದರೂ, ಓಲಾಡದೆ ಒಂದೇ ವೇಗದಲ್ಲಿ ಸಾಗುತ್ತಿದ್ದರೂ ಚಿಟ್ಟೆಗಳು ಹಾಗೇ ಹಾರುತ್ತವೆ, ಹನಿ ನೇರ ಕೆಳಗಿನ ಪಾತ್ರೆಗೇ ಬೀಳುತ್ತದೆ. ಅವನಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ ಆರ್ಯಭಟ ದೋಣಿಯ ಉದಾಹರಣೆ ಕೊಟ್ಟಿದ್ದ. ಮುಂದೆ ಹೋಗುವ ದೋಣಿಯಲ್ಲಿ ಕೂತವನಿಗೆ ದಡದ ಮೇಲಿನವು ಹಿಂದಕ್ಕೆ ಹೋದಂತೆ ಕಾಣುತ್ತವೆ, ಹಾಗೆಯೇ ನಿಂತ ನಕ್ಷತ್ರಗಳು ಪಶ್ಚಿಮಕ್ಕೆ ಹೋದಂತೆ ಕಾಣುತ್ತವೆ ಎಂದ. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಬ್ರೇಕ್ ಹಾಕಿದಾಗ ಕಥೆ ಬೇರೆ. ಬಸ್ಸು ಗಕ್ಕನೆ ನಿಂತರೆ ಯಾರೋ ಮುಂದಕ್ಕೆ ನೂಕಿದ ಹಾಗಾಗುತ್ತದೆ. ಯಾರೂ ನೂಕಿರುವುದಿಲ್ಲ. ನಮ್ಮ ದೇಹ ಇದ್ದ ವೇಗದಲ್ಲೇ ಮುಂದುವರಿಯಿತು, ಬಸ್ಸು ಹಿಂದೆ ಬಿತ್ತು, ಅಷ್ಟೇ. ವೇಗ ಬದಲಾಗುವ, ತಿರುಗುವ ಚೌಕಟ್ಟುಗಳಲ್ಲಿ ಹೀಗೆ ಇಲ್ಲದ ಬಲಗಳು ಇದ್ದಂತೆ ತೋರುತ್ತವೆ. ಹಾಗಾಗಿಯೇ ಭೂಮಿ ತಿರುಗುವುದನ್ನು ಕೋಣೆಯೊಳಗೇ ತೋರಿಸಬಹುದು. ಫ್ರಾನ್ಸಿನ ಭೌತವಿಜ್ಞಾನಿ ಫೂಕೊ 1851ರಲ್ಲಿ ಉದ್ದನೆಯ ಲೋಲಕ ಕಟ್ಟಿ ತೋರಿಸಿದ್ದು ಅದನ್ನೇ: ಅದು ತೂಗುವ ದಿಕ್ಕು ನಿಧಾನವಾಗಿ ಹೊರಳುತ್ತಾ ಹೋಯಿತು.

ಇನ್ನು ಮಳೆ. ಗಾಳಿ ಇಲ್ಲದಾಗ ನಿಂತವರಿಗೆ ಮಳೆ ನೇರವಾಗಿ ಬೀಳುತ್ತದೆ, ನಡೆಯುವವರಿಗೆ ಎದುರಿಂದ ಓರೆಯಾಗಿ ಹೊಡೆಯುತ್ತದೆ. ನಡಿಗೆ ಜೋರಾದಷ್ಟೂ ಕೊಡೆ ಮುಂದಕ್ಕೆ ವಾಲಿಸಬೇಕು. ಬ್ರಿಟನ್ನಿನ ಖಗೋಳ ವಿಜ್ಞಾನಿ ಜೇಮ್ಸ್ ಬ್ರ್ಯಾಡ್ಲಿ 1720ರ ದಶಕದಲ್ಲಿ ನಕ್ಷತ್ರದ ಬೆಳಕಿನಲ್ಲೂ ಇದೇ ಓರೆಯನ್ನು ಕಂಡುಹಿಡಿದ. ವರ್ಷವಿಡೀ ನೋಡಿದಾಗ ನಕ್ಷತ್ರ ಇದ್ದ ಜಾಗದಿಂದ ಚೂರು ಆ ಕಡೆ, ಚೂರು ಈ ಕಡೆ ಸರಿಯುತ್ತಿತ್ತು. ಭೂಮಿಯ ವೇಗ ಸೆಕೆಂಡಿಗೆ 30 ಕಿ.ಮೀ., ಬೆಳಕಿನದು 3 ಲಕ್ಷ ಕಿ.ಮೀ., ಅಂದರೆ ಹತ್ತು ಸಾವಿರಕ್ಕೆ ಒಂದು. ಓಡುವ ಭೂಮಿಯ ಮೇಲೆ ದೂರದರ್ಶಕವನ್ನು ಅಷ್ಟು ವಾಲಿಸಿದರೆ ಮಾತ್ರ ಬೆಳಕು ಕೊಳವೆಯೊಳಗೆ ನೇರವಾಗಿ ಇಳಿಯುತ್ತದೆ. ಒಂದು ಡಿಗ್ರಿಯನ್ನು 180 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ಓರೆ. ಭೂಮಿ ಸೂರ್ಯನನ್ನು ಸುತ್ತುತ್ತದೆ ಅನ್ನೋದಕ್ಕೆ ಸಿಕ್ಕ ಮೊದಲ ನೇರ ಸಾಕ್ಷಿ ಅದೇ.